ಎರಡನೆಯ ಪ್ರೊಸೆಸರಿನ ಪರೀಕ್ಷೆ

ಗಣಕದ ಗುಂಡಿ ಒತ್ತಿದ ಕೂಡಲೇ ಏನಾಗುತ್ತದೆ? ನೀವು ಅಧ್ಯಾಪಕರಾಗಿದ್ದರೆ ನಾಳೆಯೇ ತರಗತಿಯಲ್ಲಿ ಕೇಳಿ ನೋಡಿ. 'ಆಪರೇಟಿಂಗ್ ಸಿಸ್ಟಂ ಲೋಡ್ ಆಗುತ್ತದೆ ಸಾರ್' ಎಂಬ ಉತ್ತರ ತಟ್ಟನೆ ಬರುತ್ತದೆ. ಅದನ್ನು ಲೋಡ್ ಮಾಡುವವರು ಯಾರು, ಎಲ್ಲಿಂದ ತಂದು ಎಲ್ಲಿ ಇಡುತ್ತಾರೆ ಎಂದು ಮುಂದಕ್ಕೆ ಕೇಳಿದರೆ ತರಗತಿ ಸುಮ್ಮನಾಗುತ್ತದೆ. ತಪ್ಪು ವಿದ್ಯಾರ್ಥಿಗಳದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮವನ್ನೇ ತೆಗೆದುಕೊಳ್ಳಿ. ಕಂಪ್ಯೂಟರ್ ಸೈನ್ಸ್ ವಿಭಾಗದ ನಾಲ್ಕನೆಯ ಸೆಮಿಸ್ಟರಿನಲ್ಲಿ ಆಪರೇಟಿಂಗ್ ಸಿಸ್ಟಂ ಒಂದು ವಿಷಯ; ಆರ್ಮ್ ಪ್ರೊಸೆಸರನ್ನು ಪರಿಚಯಿಸುವ ಮೈಕ್ರೊಕಂಟ್ರೋಲರ್ ಇನ್ನೊಂದು ವಿಷಯ. ಒಂದೇ ಸೆಮಿಸ್ಟರಿನ ಈ ಎರಡು ವಿಷಯಗಳು ಪರಸ್ಪರ ಮಾತನಾಡುವುದಿಲ್ಲ. ಮೊದಲನೆಯದರಲ್ಲಿ ಪ್ರೊಸೆಸರ್ ಎಂಬುದು ಕಪ್ಪು ಹಲಗೆಯ ಮೇಲಿನ ಒಂದು ಚೌಕ. ಎರಡನೆಯದರಲ್ಲಿ ಆಪರೇಟಿಂಗ್ ಸಿಸ್ಟಂ ಎಂಬುದು ಕೊನೆಯ ಅಧ್ಯಾಯ.

ಈ ಕಂದಕವನ್ನು ದಾಟಲು ಇರುವ ಒಳ್ಳೆಯ ಉಪಾಯವೆಂದರೆ ಹವ್ಯಾಸಿ ಆಪರೇಟಿಂಗ್ ಸಿಸ್ಟಂ. ವ್ಯಾಪಾರಕ್ಕಲ್ಲದೆ, ಕಲಿಯುವುದಕ್ಕಾಗಿ ಅಥವಾ ಬರೆಯುವ ಖುಷಿಗಾಗಿ ಒಬ್ಬಿಬ್ಬರು ಕೂತು ಬರೆದ, ಪೂರ್ತಿ ಓದಿ ಮುಗಿಸಬಹುದಾದಷ್ಟು ಚಿಕ್ಕ ವ್ಯವಸ್ಥೆ ಅದು. ಲಿನಕ್ಸ್ ಕೂಡ 1991ರಲ್ಲಿ ಹಾಗೆಯೇ ಹುಟ್ಟಿದ್ದು. ಇಂಥವು ಇಂದು ಬಹಳ ಇವೆ, ಅವನ್ನು ಬರೆಯಲು ಕಲಿಸುವ ಪಾಠಗಳೂ ಬಹಳ. ಪಾಠ ಹೇಳಲು ಯಾವುದನ್ನು ಆರಿಸಿಕೊಳ್ಳಬೇಕು, ಅದರ ಗುಣದೋಷಗಳೇನು ಎಂಬ ವಿಮರ್ಶೆ ಮಾತ್ರ ಕನ್ನಡದಲ್ಲಿ ಕಡಿಮೆ. ಒಂದು ಕಥಾಸಂಕಲನವನ್ನು ತೂಗಿ ನೋಡುವ ನಾವು ಒಂದು ಕರ್ನಲನ್ನೂ ತೂಗಿ ನೋಡಬಹುದು. ಅದೂ ಮನುಷ್ಯರು ಬರೆದ, ಮನುಷ್ಯರು ಓದಬೇಕಾದ ಬರಹವೇ.

ನಾನಿಲ್ಲಿ ತೂಗುವುದು ಎಕ್ಸ್‌ವಿ6 ಎಂಬ ವ್ಯವಸ್ಥೆಯನ್ನು. ಅಮೆರಿಕದ ಎಂ.ಐ.ಟಿ.ಯಲ್ಲಿ ಫ್ರಾನ್ಸ್ ಕಾಶೂಕ್, ರಾಬರ್ಟ್ ಮಾರಿಸ್ ಮತ್ತು ರಸ್ ಕಾಕ್ಸ್ ಪಾಠಕ್ಕೆಂದೇ 2006ರಲ್ಲಿ ಸಿದ್ಧಪಡಿಸಿದ್ದು ಇದು. ಮಾದರಿ ಹಳೆಯದು: ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ, 1975ರಲ್ಲಿ ಹೊರಬಂದ ಯುನಿಕ್ಸ್ ಆರನೆಯ ಆವೃತ್ತಿ. ಎಕ್ಸ್‌ವಿ6ಕ್ಕೆ ಎರಡು ರೂಪಗಳಿವೆ. ಮೊದಲನೆಯದು ನಮ್ಮ ಪಿ.ಸಿ.ಗಳಲ್ಲಿರುವ ಎಕ್ಸ್86 ಬಗೆಯ ಪ್ರೊಸೆಸರಿಗೆ. 2019ರಲ್ಲಿ ಬಂದ ಎರಡನೆಯದು ರಿಸ್ಕ್-ಫೈವ್ ಬಗೆಗೆ. ಯಾರೂ ಪರವಾನಗಿ ಶುಲ್ಕವಿಲ್ಲದೆ ಬಳಸಬಹುದಾದ ಈ ವಿನ್ಯಾಸ 2010ರಲ್ಲಿ ಬರ್ಕ್ಲಿಯಲ್ಲಿ ಆರಂಭವಾಯಿತು. ಇಂದು ಎಂ.ಐ.ಟಿ.ಯವರು ನೋಡಿಕೊಳ್ಳುತ್ತಿರುವುದು ಎರಡನೆಯ ರೂಪವನ್ನು ಮಾತ್ರ.

ಎಕ್ಸ್‌ವಿ6ರ ಒಳಗೆ ಇಳಿಯುವ ಮೊದಲು ನನ್ನದೇ ಒಂದು ಪುಟ್ಟ ಅನುಭವವನ್ನು ಹೇಳಬೇಕು. ಈ ಬರಹದ ತಕ್ಕಡಿ ಅಲ್ಲಿಂದ ಬಂದದ್ದು.

ಕೆಲವು ವರ್ಷಗಳ ಕೆಳಗೆ ನಾನೊಂದು ಚಿಕ್ಕ ಕರ್ನಲ್ ಬರೆದಿದ್ದೆ. ಪರದೆಯ ಮೇಲೆ ನಾಲ್ಕು ಸಾಲು ಮೂಡಿಸಿ, ಒಂದು ಪುಟ್ಟ ಫ್ಯಾಟ್ ಡಿಸ್ಕಿನಲ್ಲಿರುವ ಕಡತಗಳ ಪಟ್ಟಿ ತೋರಿಸುವುದಷ್ಟೇ ಅದರ ಶಕ್ತಿ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹಾಸನ ಜಿಲ್ಲೆಯ ನಾಲ್ಕು ಊರುಗಳಲ್ಲಿ ವಿದ್ಯಾರ್ಥಿಗಳ ಮುಂದೆ ಬೂಟ್ ಮಾಡಿ ತೋರಿಸಲು ಹೊರಟೆ. ಹೊಳೆನರಸೀಪುರದ ಪ್ರಯೋಗಾಲಯದಲ್ಲಿ ಮೂಲೆಗೆ ತಳ್ಳಿದ್ದ ಹಳೆಯ ಪಿ.ಸಿ.ಯಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ನಿಂತಿತು. ಹುಡುಗರು ಚಪ್ಪಾಳೆ ತಟ್ಟಿದರು, ನಾನೂ ಹಿಗ್ಗಿದೆ. ಮಾರನೆಯ ದಿನ ಹಾಸನದಲ್ಲಿ ಹೊಸ ಗಣಕಗಳ ಸಾಲು. ಅಲ್ಲಿ ನನ್ನ ಪೆನ್‌ಡ್ರೈವ್ ಬೂಟ್ ಪಟ್ಟಿಯಲ್ಲಿ ಕಾಣಿಸಲೇ ಇಲ್ಲ. ಚನ್ನರಾಯಪಟ್ಟಣದಲ್ಲಿ ವಿದ್ಯಾರ್ಥಿಯೊಬ್ಬ ತನ್ನ ರಾಸ್ಪ್‌ಬೆರಿ ಪೈ 3 ಹಲಗೆಯನ್ನು ತಂದಿದ್ದ. ಅದರಲ್ಲಿರುವುದು ಆರ್ಮ್ ಪ್ರೊಸೆಸರ್. ಅದಕ್ಕೆಂದು ಆರಂಭದ ಅಸೆಂಬ್ಲಿ ಭಾಗವನ್ನು ಬೇರೆ ಬರೆದು, ಉಳಿದ ಸಿ ಭಾಗವನ್ನು ಮತ್ತೆ ಕಂಪೈಲ್ ಮಾಡಿಕೊಂಡು ಹೋಗಿದ್ದೆ. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ದೋಷಸಂದೇಶವೂ ಇಲ್ಲ, ಏನೂ ಇಲ್ಲ. ಅರಕಲಗೂಡಿಗೆ ಹೋಗುವಾಗ ನನ್ನ ಕರ್ನಲನ್ನು ಬ್ಯಾಗಿನಲ್ಲೇ ಬಿಟ್ಟು, ಲ್ಯಾಪ್‌ಟಾಪಿನಲ್ಲಿ ಎಕ್ಸ್‌ವಿ6ರ ರಿಸ್ಕ್-ಫೈವ್ ರೂಪವನ್ನು ತೋರಿಸಿದೆ. ಅಲ್ಲಿ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ.

ಹಾಸನದ ಸೋಲಿಗೆ ಕಾರಣ ಸುಲಭವಾಗಿ ತಿಳಿಯಿತು. ಎಕ್ಸ್86 ಗಣಕ ಹಳೆಯ ಬಯಾಸ್ ಪದ್ಧತಿಯಲ್ಲಿ ಹೇಗೆ ಏಳುತ್ತದೆಂದು ನೋಡಿ. ಗುಂಡಿ ಒತ್ತಿದಾಗ ಪ್ರೊಸೆಸರ್ ಮೊದಲ ಆದೇಶವನ್ನು ಓದುವುದು 4 ಗಿಗಾಬೈಟ್ ವಿಳಾಸದ ತುದಿಗೆ 16 ಬೈಟ್ ಕೆಳಗಿನಿಂದ. ಅಲ್ಲಿ ಕುಳಿತಿರುವುದೇ ಬಯಾಸ್. ಅದು ಡಿಸ್ಕಿನ ಮೊದಲ 512 ಬೈಟುಗಳನ್ನು ತಂದು ಮೆಮೊರಿಯ 31744ನೆಯ ವಿಳಾಸದಲ್ಲಿಟ್ಟು, ಕೊನೆಯ ಎರಡು ಬೈಟುಗಳು 85 ಮತ್ತು 170 ಆಗಿವೆಯೇ ಎಂದು ನೋಡಿ, ಹೌದಾದರೆ ಅಲ್ಲಿಗೆ ಜಿಗಿಯುತ್ತದೆ. ಆ ಕ್ಷಣದಲ್ಲಿ ನಿಮ್ಮ 64 ಬಿಟ್ಟಿನ ಪ್ರೊಸೆಸರ್ 1978ರ 8086 ಚಿಪ್ಪಿನಂತೆ 16 ಬಿಟ್ಟಿನಲ್ಲಿ ವರ್ತಿಸುತ್ತಿರುತ್ತದೆ. ಹೊಸ ಗಣಕಗಳಲ್ಲಿ ಬಯಾಸಿನ ಜಾಗಕ್ಕೆ ಯು.ಇ.ಎಫ್.ಐ. ಬಂದಿದೆ. ಅದು 512 ಬೈಟಿನ ತುಣುಕನ್ನು ಹುಡುಕುವುದಿಲ್ಲ; ಡಿಸ್ಕಿನ ಫ್ಯಾಟ್ ಭಾಗದೊಳಗಿನ ಒಂದು ಕಡತವನ್ನು ಹುಡುಕುತ್ತದೆ. ಹಳೆಯ ಪದ್ಧತಿಗೆ ಕೊಟ್ಟಿದ್ದ ಬೆಂಬಲವನ್ನೂ ತಯಾರಕರು ಕ್ರಮೇಣ ಕಿತ್ತುಹಾಕಿದ್ದಾರೆ. ಆದರೆ ಹವ್ಯಾಸಿಗಳಿಗಾಗಿ ಬರೆದ ಪಾಠಗಳಲ್ಲಿ ಬಹುಪಾಲು ಇಂದಿಗೂ ಶುರುವಾಗುವುದು ಆ 512 ಬೈಟುಗಳಿಂದಲೇ. ಓದುವವರು ಇದೇ ಆಪರೇಟಿಂಗ್ ಸಿಸ್ಟಂ ಶಾಸ್ತ್ರವೆಂದು ನಂಬುತ್ತಾರೆ. ಅವರು ಓದುತ್ತಿರುವುದು 1981ರ ಐ.ಬಿ.ಎಂ. ಪಿ.ಸಿ.ಯ ಚರಿತ್ರೆ.

ಎಕ್ಸ್‌ವಿ6ರ ಮೊದಲ ರೂಪದ ಮೇಲೂ ನನ್ನ ಮೊದಲ ಆಕ್ಷೇಪ ಇದೇ. ಅದರ ಆರಂಭದ ಕಡತದಲ್ಲಿ ಕೀಲಿಮಣೆಯ ನಿಯಂತ್ರಕಕ್ಕೆ ಎರಡು ಸಂದೇಶ ಕಳಿಸುವ ಸಾಲುಗಳಿವೆ. ಕರ್ನಲ್ ಬೂಟ್ ಆಗಲು ಕೀಲಿಮಣೆಯ ಅಪ್ಪಣೆ ಏಕೆ? 8086ಕ್ಕೆ ಇದ್ದದ್ದು 20 ವಿಳಾಸ ತಂತಿಗಳು. 1984ರ ಪಿ.ಸಿ.-ಎ.ಟಿ.ಯ ಪ್ರೊಸೆಸರಿಗೆ 24. ಹಳೆಯ ಕೆಲವು ಪ್ರೋಗ್ರಾಂಗಳು 20 ತಂತಿಗಳ ಮಿತಿಯನ್ನೇ ನಂಬಿಕೊಂಡಿದ್ದರಿಂದ 21ನೆಯ ತಂತಿಯನ್ನು ಕಟ್ಟಿಹಾಕಲು ಒಂದು ಬಾಗಿಲು ಬೇಕಾಯಿತು; ಕೀಲಿಮಣೆಯ ನಿಯಂತ್ರಕದಲ್ಲಿ ಒಂದು ಕಾಲು ಖಾಲಿ ಇತ್ತು, ಅದಕ್ಕೇ ಕಟ್ಟಿದರು! ಕೇಳಲು ಸೊಗಸಾದ ಕಥೆ. ಮೊದಲ ವಾರದಲ್ಲೇ ಇದನ್ನು ಎದುರಿಸಿದ ವಿದ್ಯಾರ್ಥಿ ಮಾತ್ರ, ಆಪರೇಟಿಂಗ್ ಸಿಸ್ಟಂ ಎಂದರೆ ಅರ್ಥವಾಗದ ಮಂತ್ರಗಳ ಕಂತೆ ಎಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ.

ರಿಸ್ಕ್-ಫೈವ್ ರೂಪದಲ್ಲಿ ಈ ಕಗ್ಗವಿಲ್ಲ. ಕರ್ನಲ್ ಮೆಮೊರಿಯಲ್ಲಿ ಸರಿಯಾಗಿ 2 ಗಿಗಾಬೈಟ್ ವಿಳಾಸದಲ್ಲಿ ಕುಳಿತಿರುತ್ತದೆ. ಆರಂಭದ ಅಸೆಂಬ್ಲಿ ಕಡತ ಒಂದು ಪುಟಕ್ಕಿಂತ ಚಿಕ್ಕದು. ಪ್ರತಿಯೊಂದು ಕೋರ್‌ಗೂ 4096 ಬೈಟಿನ ಸ್ಟ್ಯಾಕ್ ಹಂಚಿಕೊಟ್ಟು ಅದು ಸಿ ಭಾಷೆಯ ಕಾರ್ಯವೊಂದನ್ನು ಕರೆಯುತ್ತದೆ. ಆ ಕಾರ್ಯ ತನಗಿದ್ದ ಅತ್ಯುನ್ನತ ಅಧಿಕಾರವನ್ನು ಬಿಟ್ಟುಕೊಟ್ಟು, ಒಂದು ಹಂತ ಕೆಳಗಿಳಿದು ಮುಖ್ಯ ಕಾರ್ಯಕ್ಕೆ ಹೋಗುತ್ತದೆ. ಬೋಧನೆಯ ದೃಷ್ಟಿಯಿಂದ ಇದು ದೊಡ್ಡ ಲಾಭ. ಎರಡನ್ನೂ ಓದಿದವರಿಗೆ ಇಲ್ಲೊಂದು ಚೆಂದದ ವೈದೃಶ್ಯವೂ ಕಾಣುತ್ತದೆ. ಎಕ್ಸ್86 ಮೆಟ್ಟಿಲು ಹತ್ತುತ್ತದೆ: 16 ಬಿಟ್ಟಿನಿಂದ 32ಕ್ಕೆ, ಬೇಕಾದರೆ 64ಕ್ಕೆ, ಒಂದೊಂದೇ ಶಕ್ತಿಯನ್ನು ಗಳಿಸುತ್ತ. ರಿಸ್ಕ್-ಫೈವ್ ಮೆಟ್ಟಿಲು ಇಳಿಯುತ್ತದೆ: ಎಲ್ಲ ಅಧಿಕಾರವನ್ನೂ ಹಿಡಿದು ಹುಟ್ಟಿ, ಒಂದೊಂದನ್ನೇ ಕಳಚುತ್ತ. ಆರ್ಮ್ ಕೂಡ ಇಳಿಯುವ ಜಾತಿಯದೇ. ರಾಸ್ಪ್‌ಬೆರಿ ಪೈ 3ರಲ್ಲಂತೂ ಮೊದಲು ಏಳುವುದು ಆರ್ಮ್ ಅಲ್ಲ, ಚಿತ್ರಗಳಿಗಾಗಿ ಇಟ್ಟ ಗ್ರಾಫಿಕ್ಸ್ ಪ್ರೊಸೆಸರು. ಅದು ಎಸ್.ಡಿ. ಕಾರ್ಡಿನಿಂದ ತನ್ನ ಕಡತಗಳನ್ನೂ ಆಮೇಲೆ ನಿಮ್ಮ ಕರ್ನಲನ್ನೂ ಓದಿಟ್ಟು, ಆಮೇಲಷ್ಟೇ ಆರ್ಮನ್ನು ಎಬ್ಬಿಸುತ್ತದೆ.

ಹೀಗಾಗಿ 'ಬೂಟ್ ಆಗುವುದು' ಎಂಬುದು ಒಂದು ನಿಯಮವಲ್ಲ, ಆಯಾ ಯಂತ್ರದ ಪದ್ಧತಿ. ಪದ್ಧತಿ ಯಾವುದು, ತತ್ತ್ವ ಯಾವುದು ಎಂದು ಬೇರ್ಪಡಿಸಿ ತೋರಿಸುವುದು ಎರಡನೆಯ ಪ್ರೊಸೆಸರ್. ಒಂದೇ ಪ್ರೊಸೆಸರಿನ ಮೇಲೆ ಓಡುವವರೆಗೆ ಆಪರೇಟಿಂಗ್ ಸಿಸ್ಟಮ್ಮಿನ ನಿಜವಾದ ಆಕಾರ ಅದನ್ನು ಬರೆದವರಿಗೂ ಗೊತ್ತಿರುವುದಿಲ್ಲ. ಯುನಿಕ್ಸ್ 1973ರಲ್ಲೇ ಸಿ ಭಾಷೆಗೆ ಬಂದಿತ್ತು. ಆದರೂ 1977ರಲ್ಲಿ ಆಸ್ಟ್ರೇಲಿಯದ ವೊಲಾಂಗಾಂಗ್ ವಿಶ್ವವಿದ್ಯಾಲಯದ ರಿಚರ್ಡ್ ಮಿಲ್ಲರ್ ಅದನ್ನು ಇಂಟರ್‌ಡೇಟಾ 7/32 ಯಂತ್ರಕ್ಕೂ, ಅತ್ತ ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ರಿಚಿ ಇಂಟರ್‌ಡೇಟಾ 8/32ಕ್ಕೂ ಒಯ್ಯುವವರೆಗೆ ಅದು ಪಿಡಿಪಿ-11 ಯಂತ್ರದ ಒಕ್ಕಲಾಗಿಯೇ ಇತ್ತು. ಲಿನಕ್ಸಿನದೂ ಅದೇ ಕಥೆ. 1992ರ ಜನವರಿಯಲ್ಲಿ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್, ಅದು 386 ಪ್ರೊಸೆಸರಿಗೆ ಗಂಟು ಬಿದ್ದಿದೆಯೆಂದು ಕಟುವಾಗಿ ಟೀಕಿಸಿದರು. ಟೀಕೆ ಅಂದಿಗೆ ನ್ಯಾಯವಾದದ್ದೇ. 1995ರ ಮಾರ್ಚಿನಲ್ಲಿ ಬಂದ 1.2 ಆವೃತ್ತಿ ಆಲ್ಫಾ, ಸ್ಪಾರ್ಕ್ ಮತ್ತು ಮಿಪ್ಸ್ ಪ್ರೊಸೆಸರುಗಳಿಗೂ ಕೈಚಾಚಿತು. ತಮಾಷೆಯೆಂದರೆ, ಯಾವ 386ಕ್ಕೆ ಗಂಟು ಬಿದ್ದಿದೆಯೆಂದರೋ ಆ 386ರ ಬೆಂಬಲವನ್ನೇ 2012ರ ಡಿಸೆಂಬರಿನಲ್ಲಿ ಲಿನಕ್ಸಿನಿಂದ ತೆಗೆದುಹಾಕಲಾಯಿತು.

ಚನ್ನರಾಯಪಟ್ಟಣದಲ್ಲಿ ಬಾರದೆ ಹೋದ ಎರಡನೆಯ ಸಾಲಿಗೆ ಈಗ ಬರೋಣ. ಕಾರಣ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಫ್ಯಾಟ್ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ, ಒಂದು ಸೆಕ್ಟರಿಗೆ ಎಷ್ಟು ಬೈಟು ಎಂಬ ಸಂಖ್ಯೆ ಇರುವುದು 11ನೆಯ ಸ್ಥಾನದಿಂದ. ಸಂಖ್ಯೆಯ ಉದ್ದ 2 ಬೈಟು. ಬೆಸ ವಿಳಾಸದಲ್ಲಿ ಶುರುವಾಗುವ 2 ಬೈಟಿನ ಸಂಖ್ಯೆಯನ್ನು ಎಕ್ಸ್86 ತಕರಾರಿಲ್ಲದೆ ಓದುತ್ತದೆ. 64 ಬಿಟ್ಟಿನ ಆರ್ಮಿನಲ್ಲಿ ಮೆಮೊರಿ ನಿರ್ವಹಣಾ ಘಟಕವನ್ನು ಇನ್ನೂ ಚಾಲೂ ಮಾಡದಿದ್ದರೆ ಹಾಗೆ ಓದುವುದು ಅಪರಾಧ. ಕೂಡಲೇ ಅಪವಾದ ಉಂಟಾಗುತ್ತದೆ. ಅಪವಾದವನ್ನು ಹಿಡಿಯುವ ವ್ಯವಸ್ಥೆಯನ್ನು ನಾನು ಬರೆದೇ ಇರಲಿಲ್ಲ, ಹಾಗಾಗಿ ಯಂತ್ರ ಸದ್ದಿಲ್ಲದೆ ನಿಂತಿತು. ಎರಡು ಬೈಟುಗಳನ್ನು ಬೇರೆ ಬೇರೆ ಓದಿ ಜೋಡಿಸಿದೊಡನೆ ಪಟ್ಟಿ ಮೂಡಿತು. ಆ ಸಾಲನ್ನು ನಾನು 'ಶುದ್ಧ ಸಿ' ಎಂದೂ ಯಾವ ಯಂತ್ರಕ್ಕೂ ಸೇರಿದ್ದಲ್ಲ ಎಂದೂ ನಂಬಿಕೊಂಡಿದ್ದೆ. ಹೊಳೆನರಸೀಪುರದ ಚಪ್ಪಾಳೆ ಸಂದದ್ದು ನನ್ನ ಜಾಣತನಕ್ಕಲ್ಲ, ಎಕ್ಸ್86ರ ಔದಾರ್ಯಕ್ಕೆ.

ಈ ತಕ್ಕಡಿಯಲ್ಲಿ ಎಕ್ಸ್‌ವಿ6 ಎಷ್ಟು ತೂಗುತ್ತದೆ? ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ಓದಿ. ಕಡತ ವ್ಯವಸ್ಥೆ, ಪೈಪು, ಶೆಲ್ಲು ಬಹುಮಟ್ಟಿಗೆ ಹಾಗೆಹಾಗೆಯೇ ಉಳಿದಿವೆ. ಯಾವ ಪ್ರಕ್ರಿಯೆಗೆ ಸರದಿ ಎಂದು ತೀರ್ಮಾನಿಸುವ ಭಾಗದ ಹಂದರವೂ ಅದೇ. ಆದರೆ ಒಂದು ಪ್ರಕ್ರಿಯೆಯನ್ನು ನಿಲ್ಲಿಸಿ ಇನ್ನೊಂದನ್ನು ಎಬ್ಬಿಸುವ ಪುಟ್ಟ ಅಸೆಂಬ್ಲಿ ತುಣುಕು ಪೂರಾ ಬೇರೆ. ಎಕ್ಸ್86ರಲ್ಲಿ ಅದು ನಾಲ್ಕು ರಿಜಿಸ್ಟರುಗಳನ್ನು ಸ್ಟ್ಯಾಕಿಗೆ ತಳ್ಳುತ್ತದೆ. ರಿಸ್ಕ್-ಫೈವ್‌ನಲ್ಲಿ 14 ರಿಜಿಸ್ಟರುಗಳನ್ನು ಬರೆದಿಡುತ್ತದೆ. ಮೆಮೊರಿಯ ಪುಟ ಕೋಷ್ಟಕ ಅಲ್ಲಿ ಎರಡು ಹಂತ, ಇಲ್ಲಿ ಮೂರು. ಅಲ್ಲಿ ಪ್ರತಿ ಪ್ರಕ್ರಿಯೆಯ ಕೋಷ್ಟಕದಲ್ಲೂ ಕರ್ನಲ್ ಮೇಲಂತಸ್ತಿನಲ್ಲಿ ಕುಳಿತಿರುತ್ತದೆ. ಇಲ್ಲಿ ಕರ್ನಲಿಗೆ ಬೇರೆಯದೇ ಮನೆ, ನಡುವೆ ದಾಟಲು ಎರಡೂ ಕಡೆ ಕಾಣುವ ಒಂದೇ ಒಂದು ಪುಟ. ಅಡ್ಡಿಗಳು ಬಂದಾಗ ಅಲ್ಲಿ 256 ಬಾಗಿಲು, ಇಲ್ಲಿ ಒಂದೇ ಬಾಗಿಲು, ಒಳಗೆ ಬಂದ ಮೇಲೆ ಕಾರಣ ಕೇಳಿಕೊಳ್ಳಬೇಕು. ಬೀಗ ಹಾಕುವ ಕಾರ್ಯದ ಸಿ ರೂಪ ಎರಡರಲ್ಲೂ ಹತ್ತಿರ ಹತ್ತಿರ, ಅದರ ಹಿಂದಿನ ಯಂತ್ರಾದೇಶ ಬೇರೆ. ಈ ಪಟ್ಟಿಯನ್ನು ನಾನು ಕೊಟ್ಟಷ್ಟು ಸುಲಭವಾಗಿ ವಿದ್ಯಾರ್ಥಿಗೆ ಕೊಡಬೇಡಿ. ಅವರೇ ಸಾಲು ಸಾಲಾಗಿ ಹೋಲಿಸಿ ಕಂಡುಕೊಳ್ಳಲಿ. ಬದಲಾದ ಕಡತಗಳನ್ನು ಒಂದು ಕಡೆ, ಬದಲಾಗದವನ್ನು ಇನ್ನೊಂದು ಕಡೆ ಇಟ್ಟರೆ ಯಂತ್ರಾಂಶ ಮತ್ತು ತಂತ್ರಾಂಶಗಳ ನಡುವಿನ ಗಡಿ ಎಲ್ಲಿ ಹಾದುಹೋಗುತ್ತದೆಂದು ತಾನಾಗಿಯೇ ಕಾಣುತ್ತದೆ.

ನನ್ನ ದೊಡ್ಡ ಆಕ್ಷೇಪ ಬರುವುದು ಇಲ್ಲೇ. ಈ ಗಡಿಯನ್ನು ಎಕ್ಸ್‌ವಿ6 ತಾನಾಗಿ ತೋರಿಸುವುದಿಲ್ಲ. ಎರಡು ರೂಪಗಳು ಎರಡು ಬೇರೆ ಬೇರೆ ಕಂತೆಗಳು. ಯಂತ್ರಕ್ಕೆ ಸೇರಿದ್ದು ಇಲ್ಲಿ, ಸೇರದ್ದು ಅಲ್ಲಿ ಎಂದು ಒಂದೇ ಮರದಲ್ಲಿ ಎರಡು ಕೊಂಬೆ ಮಾಡಿಟ್ಟಿಲ್ಲ. ಲಿನಕ್ಸಿನಲ್ಲಿ ಹಾಗೆ ಮಾಡಲಾಗಿದೆ. ಎಕ್ಸ್‌ವಿ6 ಎರಡನೆಯ ಪ್ರೊಸೆಸರಿಗೆ ಹೋಗಲಿಲ್ಲ, ಮನೆ ಬದಲಿಸಿತು. ಹಳೆಯ ಮನೆಗೆ ಬೀಗ ಹಾಕಿ, ಹೊಸ ಮನೆಯಲ್ಲಿ ಮತ್ತೆ ಒಂದೇ ಯಂತ್ರದ ಒಕ್ಕಲಾಯಿತು. ಸರಳತೆಗಾಗಿ ಹೀಗೆ ಮಾಡಿದ್ದೆಂದು ಸಮರ್ಥಿಸಬಹುದು, ಅದರಲ್ಲಿ ಹುರುಳೂ ಇದೆ. ಆದರೆ ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಸಾಧನಗಳ ವಿಳಾಸಗಳನ್ನೆಲ್ಲ ಒಂದು ಕಡತದಲ್ಲಿ ನೇರವಾಗಿ ಬರೆದಿಡಲಾಗಿದೆ. ಅಕ್ಷರ ಹೊರಹಾಕುವ ಸೀರಿಯಲ್ ಸಾಧನ 256 ಮೆಗಾಬೈಟ್ ವಿಳಾಸದಲ್ಲಿದೆ ಎಂದೇ ನಂಬಲಾಗಿದೆ. ಬೂಟ್ ಆಗುವಾಗ ಯಂತ್ರ ತನ್ನ ಸಾಧನಗಳ ವಿವರಪಟ್ಟಿಯನ್ನು ಕೈಗಿಟ್ಟರೂ ಎಕ್ಸ್‌ವಿ6 ಅದನ್ನು ತೆರೆದು ನೋಡುವುದಿಲ್ಲ. ಆದ್ದರಿಂದ ಅದು ಕ್ಯೂಎಮು ಎಂಬ ಅನುಕರಣ ತಂತ್ರಾಂಶದ ಒಂದು ಕಲ್ಪಿತ ಯಂತ್ರದಲ್ಲಿ ಓಡುತ್ತದೆಯೇ ಹೊರತು, ಅಂಗಡಿಯಿಂದ ತಂದ ರಿಸ್ಕ್-ಫೈವ್ ಹಲಗೆಯಲ್ಲಿ ತಿದ್ದುಪಡಿಯಿಲ್ಲದೆ ಏಳುವುದಿಲ್ಲ.

ಅರಕಲಗೂಡಿನಲ್ಲಿ ಅಂದು ಕರೆಂಟು ಇರಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಎಂಟು ಹತ್ತು ವಿದ್ಯಾರ್ಥಿಗಳು ಸುತ್ತ ನಿಂತಿದ್ದರು. ಎಕ್ಸ್‌ವಿ6 ಸೊಗಸಾಗಿ ಎದ್ದು ತನ್ನ ಡಾಲರ್ ಗುರುತು ತೋರಿಸಿತು. ಆರಂಭದ ಕಡತವನ್ನು ಸಾಲು ಸಾಲಾಗಿ ವಿವರಿಸಿದೆ. ಎಲ್ಲ ಮುಗಿದ ಮೇಲೆ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು: 'ಸಾರ್, ಕರ್ನಲನ್ನು ಡಿಸ್ಕಿನಿಂದ ಅಲ್ಲಿಗೆ ತಂದಿಟ್ಟವರು ಯಾರು?' ಈ ಬರಹದ ಮೊದಲ ಪ್ರಶ್ನೆ! ನನ್ನಲ್ಲಿದ್ದ ಉತ್ತರ ಪೇಲವವಾಗಿತ್ತು. ಕ್ಯೂಎಮು ಕರ್ನಲ್ ಕಡತವನ್ನು ತಾನೇ ಮೆಮೊರಿಯಲ್ಲಿಟ್ಟು ಓಟ ಶುರುಮಾಡುತ್ತದೆ. ಎಕ್ಸ್86 ರೂಪದಲ್ಲಿ ಆ ಹೆಜ್ಜೆಯೂ ಕಣ್ಣೆದುರಿಗಿತ್ತು: ಮೊದಲ ಸೆಕ್ಟರಿನೊಳಗಿನ ಪುಟ್ಟ ಸಿ ಕಾರ್ಯವೊಂದು ಡಿಸ್ಕಿನಿಂದ ಕರ್ನಲನ್ನು ಓದಿ ತರುತ್ತಿತ್ತು, ಅದೂ 510 ಬೈಟುಗಳ ಮಿತಿಯೊಳಗೆ. ಹೊಸ ರೂಪ ಹಳೆಯ ಕಗ್ಗವನ್ನು ಗುಡಿಸುವ ಭರದಲ್ಲಿ ಈ ಹೆಜ್ಜೆಯನ್ನೂ ಗುಡಿಸಿಬಿಟ್ಟಿದೆ. ಆದ್ದರಿಂದಲೇ, ಪೋಷಣೆ ನಿಂತುಹೋಗಿದ್ದರೂ ಎಕ್ಸ್86 ರೂಪವನ್ನು ಕಪಾಟಿನಿಂದ ಎಸೆಯಬೇಡಿ ಎನ್ನುತ್ತೇನೆ.

ಇಷ್ಟೆಲ್ಲ ಹಿಂಜುವುದು ಏಕೆ, ನಮ್ಮ ಹುಡುಗರು ಯಾವ ಪ್ರೊಸೆಸರಿಗೆ ಕರ್ನಲ್ ಬರೆಯಬೇಕಾಗಿದೆ ಎಂದು ಕೇಳುವವರಿದ್ದಾರೆ. ಕೇಳಬಹುದಾದ ಪ್ರಶ್ನೆಯೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರು ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರನ್ನು ನೆನಪಿಸಿಕೊಳ್ಳಿ. ಪಿ.ಸಿ.ಯ ಬಯಾಸೂ ಇಲ್ಲದ, ಹಾರ್ಡ್ ಡಿಸ್ಕೂ ಇಲ್ಲದ ಆ ಕೈಗಣಕದಲ್ಲಿ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನ ಮೇಲೆ ಲಿನಕ್ಸ್ ಏಳುತ್ತಿತ್ತು. ಮಾರುಕಟ್ಟೆಯಲ್ಲಿ ಅದು ಗೆಲ್ಲಲಿಲ್ಲ, ಆ ಮಾತು ಬೇರೆ. 2018ರಲ್ಲಿ ಮದರಾಸು ಐ.ಐ.ಟಿ.ಯ ಶಕ್ತಿ ತಂಡ ತನ್ನ ರಿಸ್ಕ್-ಫೈವ್ ಚಿಪ್ಪಿನ ಮೇಲೆ ಲಿನಕ್ಸನ್ನು ಬೂಟ್ ಮಾಡಿತು. 2025ರಲ್ಲಿ ಇಸ್ರೋ ತನ್ನ ಉಡಾವಣಾ ವಾಹನಗಳಿಗಾಗಿ ವಿಕ್ರಂ 3201 ಎಂಬ 32 ಬಿಟ್ಟಿನ ಪ್ರೊಸೆಸರನ್ನು ಹೊರತಂದಿತು. ಅದಕ್ಕೂ ಹಿಂದಿನ 16 ಬಿಟ್ಟಿನ ವಿಕ್ರಂ 1601, 2009ರಿಂದ ರಾಕೆಟ್ಟುಗಳಲ್ಲಿ ಹಾರಿದೆ. ಹಾಸನದಲ್ಲಿ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಅದರ ಆಂಟೆನಾಗಳನ್ನು ನೋಡುತ್ತ ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಹೊಸ ಪ್ರೊಸೆಸರ್ ಎಂದರೆ ಪತ್ರಿಕೆಯ ಸುದ್ದಿಯಷ್ಟೇ ಆಗಬೇಕೆ? ಹೊಸ ಪ್ರೊಸೆಸರ್ ಬಂದಾಗಲೆಲ್ಲ ಯಾರಾದರೊಬ್ಬರು ಅದರ ಮೊದಲ ಇಪ್ಪತ್ತು ಸಾಲು ಬರೆಯಲೇಬೇಕು.

ತರಗತಿಗೆ ನಾನು ಸೂಚಿಸುವ ಕ್ರಮ ಹೀಗಿದೆ. ರಿಸ್ಕ್-ಫೈವ್ ರೂಪದಿಂದ ಶುರುಮಾಡಿ, ಆಮೇಲೆ ಎಕ್ಸ್86 ರೂಪದ ಬೂಟ್ ಕಡತಗಳನ್ನು ಮಾತ್ರ ಓದಿಸಿ. ಎರಡಕ್ಕೂ ಬೇಕಾದದ್ದು ಒಂದು ಸಾಧಾರಣ ಗಣಕ ಮತ್ತು ಉಚಿತವಾಗಿ ಸಿಗುವ ಕ್ಯೂಎಮು. ಆಮೇಲೆ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಕೆಲಸ ಕೊಡಿ: ಬೂಟ್ ಆದೊಡನೆ 'ಹಾಸನ' ಎಂಬ ಪದ ಕನ್ನಡದಲ್ಲೇ ಮೂಡಬೇಕು. ಯುಟಿಎಫ್-8 ಪದ್ಧತಿಯಲ್ಲಿ ಅದು 12 ಬೈಟು, ಮೊದಲ ಅಕ್ಷರ 224, 178, 185. ರಿಸ್ಕ್-ಫೈವ್‌ನಲ್ಲಿ ಈ 12 ಬೈಟುಗಳನ್ನು ಸೀರಿಯಲ್ ಸಾಧನಕ್ಕೆ ಒಂದೊಂದಾಗಿ ತಳ್ಳಿದರೆ ಸಾಕು, ಕನ್ನಡ ಬಲ್ಲ ಟರ್ಮಿನಲ್ ಪದವನ್ನು ತೋರಿಸುತ್ತದೆ. ಎಕ್ಸ್86ರಲ್ಲಿ ಅವೇ ಬೈಟುಗಳನ್ನು ಪಿ.ಸಿ.ಯ ಹಳೆಯ ಪಠ್ಯಪರದೆಯ ಮೆಮೊರಿಗೆ ಬರೆದರೆ 12 ವಿಚಿತ್ರ ಚಿಹ್ನೆಗಳು ಸಾಲಾಗಿ ನಿಲ್ಲುತ್ತವೆ. ಆ ಪರದೆಗೆ ಗೊತ್ತಿರುವುದು 256 ಆಕೃತಿಗಳು ಮಾತ್ರ, ಅವುಗಳಲ್ಲಿ ನಮ್ಮ 'ಹ' ಇಲ್ಲ. ಅದನ್ನು ತರಲು ಪರದೆಯನ್ನು ಚಿತ್ರಕ್ರಮಕ್ಕೆ ತಿರುಗಿಸಿ, ಅಕ್ಷರವನ್ನು ಚುಕ್ಕಿ ಚುಕ್ಕಿಯಾಗಿ ತಾವೇ ಬರೆಯಬೇಕು. ಅರಕಲಗೂಡಿನ ಆ ಹುಡುಗಿ ಈಗ ಅದನ್ನೇ ಮಾಡುತ್ತಿದ್ದಾಳೆ. 'ಹ' ಬಂದಿದೆಯಂತೆ, ಅದರ ಮುಂದಿನ ದೀರ್ಘ ಇನ್ನೂ ಪಕ್ಕಕ್ಕೆ ಜಾರುತ್ತಿದೆಯಂತೆ.